ಫೀಲ್ಡಿಗೆ ಇಳಿಯುವ ಮೊದಲೇ ಡೇಟಾಗೂ ಗುರಿ ಬರೆದುಕೊಳ್ಳಿ

ಪಿಎಚ್‌ಡಿಗೆ ಸಿನಾಪ್ಸಿಸ್ (ಸಂಶೋಧನೆಯ ಯೋಜನೆ) ಬರೆಯುವಾಗ ಸಂಶೋಧನೆಯ ಉದ್ದೇಶಗಳನ್ನು ಎಷ್ಟು ಸಲ ತಿದ್ದುತ್ತೇವೆ ಅಲ್ವಾ? ಗೈಡ್ ನೋಡುತ್ತಾರೆ, ಕಮಿಟಿ ನೋಡುತ್ತದೆ, ಒಂದೊಂದು ಪದಕ್ಕೂ ಚರ್ಚೆ ನಡೆಯುತ್ತದೆ. ಅದೇ ಸಿನಾಪ್ಸಿಸ್‌ನಲ್ಲಿ ಡೇಟಾ ಬಗ್ಗೆ ಸಾಮಾನ್ಯವಾಗಿ ಇರುವುದು ಒಂದೇ ಸಾಲು: "ಸಂಗ್ರಹಿಸಿದ ಮಾಹಿತಿಯನ್ನು ಸುರಕ್ಷಿತವಾಗಿ ಕಾಪಾಡಲಾಗುವುದು." ಯಾರು ಕಾಪಾಡುತ್ತಾರೆ? ಎಲ್ಲಿ? ಎಷ್ಟು ವರ್ಷ? ಲ್ಯಾಪ್‌ಟಾಪ್ ಕೆಟ್ಟರೆ ಏನು ಗತಿ? ಆ ಸಾಲಿನಲ್ಲಿ ಯಾವುದಕ್ಕೂ ಉತ್ತರ ಇಲ್ಲ. ಅದನ್ನು ಗುರಿ ಅಂತ ಕರೆಯಲು ಆಗುವುದಿಲ್ಲ.

ಗುರಿ ಅಂದರೆ ಅದರಲ್ಲಿ ಒಬ್ಬರ ಹೆಸರು ಇರಬೇಕು, ಒಂದು ತಾರೀಕು ಇರಬೇಕು, ಮತ್ತು ಪ್ರಾಜೆಕ್ಟಿಗೆ ಸಂಬಂಧವೇ ಇಲ್ಲದವರು ಬಂದು ನೋಡಿ "ಆಗಿದೆ" ಅಥವಾ "ಆಗಿಲ್ಲ" ಅಂತ ಹೇಳಲು ಬರಬೇಕು. ಇಂಥವು ಐದಾರು ಇದ್ದರೆ ಸಾಕು, ಒಂದು ಪುಟದಲ್ಲಿ ಹಿಡಿಸುತ್ತವೆ. ಮೂವತ್ತು ಪುಟದ ಡೇಟಾ ಪ್ಲಾನ್ ಬರೆದು ಕಪಾಟಿನಲ್ಲಿ ಇಟ್ಟರೆ ಅದನ್ನು ಮತ್ತೆ ಯಾರೂ ತೆಗೆದು ನೋಡುವುದಿಲ್ಲ. ಒಂದು ಪುಟವನ್ನು ಗೋಡೆಗೆ ಅಂಟಿಸಬಹುದು.

ಒಂದು ಉದಾಹರಣೆ ಇಟ್ಟುಕೊಂಡೇ ಮಾತಾಡೋಣ. ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕು, ಅಂತರ್ಜಲದಲ್ಲಿ ಫ್ಲೋರೈಡ್ ಜಾಸ್ತಿ ಇರುವ ಜಾಗ. ನೀವು ಒಂದಷ್ಟು ಹಳ್ಳಿಗಳಲ್ಲಿ 300 ಮನೆಗಳಿಗೆ ಹೋಗಿ ಬೋರ್‌ವೆಲ್ ಎಷ್ಟು ಆಳ, ಯಾವ ವರ್ಷ ಕೊರೆಸಿದ್ದು, ಕುಡಿಯಲು ಯಾವ ನೀರು ಬಳಸುತ್ತಾರೆ ಅಂತ ಕೇಳುತ್ತೀರಿ, ನೀರಿನ ಸ್ಯಾಂಪಲ್ ಲ್ಯಾಬಿಗೆ ಕಳಿಸುತ್ತೀರಿ. ಮಳೆಗಾಲಕ್ಕೆ ಮೊದಲು ಒಂದು ಸುತ್ತು, ಮಳೆ ಮುಗಿದ ಮೇಲೆ ಇನ್ನೊಂದು ಸುತ್ತು. ಜೊತೆಗೆ ಮೂವರು ಫೀಲ್ಡ್ ಇನ್ವೆಸ್ಟಿಗೇಟರ್‌ಗಳು. ನಿಮ್ಮ ವಿಷಯ ಜಾನಪದವೋ ಶಿಕ್ಷಣವೋ ಆಗಿದ್ದರೂ ಮುಂದೆ ಹೇಳುವುದರಲ್ಲಿ ಹೆಚ್ಚಿನದು ಹಾಗೇ ಹೊಂದುತ್ತದೆ.

ಕೊನೆಯಿಂದ ಹಿಂದಕ್ಕೆ ಯೋಚಿಸಿ

ಐದು ವರ್ಷ ಆದ ಮೇಲೆ ಈ ಫೋಲ್ಡರನ್ನು ಯಾರು ತೆರೆಯುತ್ತಾರೆ ಅಂತ ಒಂದು ಹಾಳೆಯಲ್ಲಿ ಬರೆಯಿರಿ. ನೀವೇ ತೆರೆಯಬಹುದು, ಯಾಕೆಂದರೆ ಜರ್ನಲ್‌ನವರು ಒಂದು ಟೇಬಲ್ ಬಗ್ಗೆ ಪ್ರಶ್ನೆ ಕೇಳಿರುತ್ತಾರೆ. ಅದೇ ಹಳ್ಳಿಗಳಿಗೆ ಮತ್ತೆ ಹೋಗಿ ಫ್ಲೋರೈಡ್ ಏರಿದೆಯೋ ಇಳಿದಿದೆಯೋ ನೋಡಬೇಕು ಅಂತ ಹೊಸ ವಿದ್ಯಾರ್ಥಿ ಒಬ್ಬರು ಬರಬಹುದು. ಗ್ರಾಮ ಪಂಚಾಯಿತಿಯವರು ಶುದ್ಧ ನೀರಿನ ಘಟಕ ಎಲ್ಲಿ ಹಾಕಬೇಕು ಅಂತ ಕೇಳಬಹುದು. ಈ ಮೂವರಿಗೂ ಬೇಕಾದದ್ದು ಬೇರೆ ಬೇರೆ. ನಿಮಗೆ ಬೇಕಾದದ್ದು ಟೇಬಲ್‌ನ ಸಂಖ್ಯೆ ಎಲ್ಲಿಂದ ಬಂತು ಅನ್ನುವ ಜಾಡು. ಹೊಸ ವಿದ್ಯಾರ್ಥಿಗೆ ಬೇಕಾದದ್ದು ಅದೇ ಬೋರ್‌ವೆಲ್ಲನ್ನು ಮತ್ತೆ ಗುರುತಿಸುವ ದಾರಿ. ಪಂಚಾಯಿತಿಗೆ ಬೇಕಾದದ್ದು ಹಳ್ಳಿವಾರು ಲೆಕ್ಕ, ಅದೂ ಕನ್ನಡದಲ್ಲಿ. ಗುರಿಗಳು ಇಲ್ಲಿಂದ ಹುಟ್ಟಬೇಕು, ಇನ್ಯಾರದೋ ಟೆಂಪ್ಲೇಟಿನಿಂದ ಅಲ್ಲ.

ಇದನ್ನು ಆಮೇಲೆ ನೋಡಿಕೊಳ್ಳೋಣ ಅಂದರೆ ಏನಾಗುತ್ತದೆ? ಅದಕ್ಕೂ ಲೆಕ್ಕ ಇದೆ. 2014ರಲ್ಲಿ ಕರೆಂಟ್ ಬಯಾಲಜಿ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನದಲ್ಲಿ 516 ಹಳೆಯ ಲೇಖನಗಳ ಡೇಟಾ ಈಗಲೂ ಸಿಗುತ್ತದಾ ಅಂತ ಲೇಖಕರನ್ನೇ ಕೇಳಿ ನೋಡಿದ್ದರು. ಲೇಖನಕ್ಕೆ ಒಂದೊಂದು ವರ್ಷ ವಯಸ್ಸಾದಂತೆ ಡೇಟಾ ಸಿಗುವ ಸಂಭವ 17% ಲೆಕ್ಕದಲ್ಲಿ ಕುಗ್ಗುತ್ತಾ ಹೋಗಿತ್ತು. ಇಮೇಲ್ ವಿಳಾಸಗಳು ಕೆಲಸ ಮಾಡುತ್ತಿರಲಿಲ್ಲ, ಡೇಟಾ ಇದ್ದರೂ ಈಗ ಯಾರ ಹತ್ತಿರವೂ ಇಲ್ಲದ ಹಳೆಯ ಡಿಸ್ಕುಗಳಲ್ಲಿ ಸಿಕ್ಕಿಕೊಂಡಿತ್ತು. ಅವರು ಯಾರೂ ಬೇಜವಾಬ್ದಾರಿ ಜನ ಅಂತ ನನಗೆ ಅನಿಸುವುದಿಲ್ಲ. ಉಳಿಸುವುದು ಯಾರ ಕೆಲಸ ಅಂತ ಮೊದಲೇ ಬರೆದಿಟ್ಟಿರಲಿಲ್ಲ, ಅಷ್ಟೇ.

ಮೊದಲ ಗುರಿ ಒಪ್ಪಿಗೆ ಪತ್ರದಲ್ಲಿದೆ

ಡೇಟಾ ನಿರ್ವಹಣೆ ಅಂದ ತಕ್ಷಣ ಹಾರ್ಡ್ ಡಿಸ್ಕ್, ಡ್ರೈವ್, ಪಾಸ್‌ವರ್ಡ್ ನೆನಪಾಗುತ್ತದೆ. ಆದರೆ ಒಮ್ಮೆ ತಪ್ಪಿದರೆ ತಿದ್ದಲು ತುಂಬಾ ಕಷ್ಟವಾಗುವ ಜಾಗ ಒಪ್ಪಿಗೆ ಪತ್ರ. "ನೀವು ಕೊಟ್ಟ ಮಾಹಿತಿಯನ್ನು ನಾನು ಬಿಟ್ಟು ಬೇರೆ ಯಾರೂ ನೋಡುವುದಿಲ್ಲ" ಅಂತ ಅದರಲ್ಲಿ ಬರೆದಿದ್ದರೆ ಮುಗಿಯಿತು, ಹೆಸರು ತೆಗೆದ ಡೇಟಾ ಕೂಡ ನೀವು ಇನ್ನೊಬ್ಬರಿಗೆ ಕೊಡಲು ಬರುವುದಿಲ್ಲ. ಜರ್ನಲ್ ಡೇಟಾ ಕೇಳಿದಾಗ 300 ಮನೆಗೆ ಮತ್ತೆ ಹೋಗಿ ಒಪ್ಪಿಗೆ ಕೇಳಲು ಆಗುತ್ತದಾ? ಅದಕ್ಕೇ ಫೀಲ್ಡಿಗೆ ಹೋಗುವ ಮೊದಲೇ ತೀರ್ಮಾನ ಮಾಡಿ: ಏನನ್ನು ಹಂಚುತ್ತೀರಿ, ಏನನ್ನು ಹಂಚುವುದಿಲ್ಲ, ಎಷ್ಟು ವರ್ಷ ಇಡುತ್ತೀರಿ. ಅದನ್ನು ಪತ್ರದಲ್ಲಿ ಸರಳವಾಗಿ ಬರೆಯಿರಿ. "ನಿಮ್ಮ ಹೆಸರು, ಫೋನ್ ನಂಬರ್ ಯಾರಿಗೂ ಕೊಡುವುದಿಲ್ಲ. ಹೆಸರು ತೆಗೆದ ಮೇಲೆ ನೀರಿನ ಲೆಕ್ಕವನ್ನು ಬೇರೆ ಸಂಶೋಧಕರೂ ನೋಡಬಹುದು." ಇಷ್ಟು ಹೇಳಿದರೆ ಅಜ್ಜಿಯೊಬ್ಬರಿಗೂ ಅರ್ಥವಾಗುತ್ತದೆ. ಪಾವಗಡ ಆಂಧ್ರದ ಗಡಿಯಲ್ಲಿದೆ, ಎಷ್ಟೋ ಮನೆಗಳಲ್ಲಿ ತೆಲುಗು ಮಾತಾಡುತ್ತಾರೆ, ಹಾಗಾಗಿ ಪತ್ರ ತೆಲುಗಿನಲ್ಲೂ ಬೇಕು, ಯಾವ ಭಾಷೆಯಲ್ಲಿ ಕೇಳಿದಿರಿ ಅನ್ನುವುದಕ್ಕೆ ಫಾರ್ಮಿನಲ್ಲಿ ಒಂದು ಕಾಲಂ ಕೂಡ ಬೇಕು.

ಗುರಿಯಾಗಿ ಬರೆದರೆ ಹೀಗೆ: "ಮೊದಲ ಮನೆಗೆ ಹೋಗುವ ಎರಡು ವಾರ ಮೊದಲು, ಹಂಚಿಕೆಯ ಬಗ್ಗೆ ಸ್ಪಷ್ಟ ವಾಕ್ಯ ಇರುವ ಒಪ್ಪಿಗೆ ಪತ್ರ ಕನ್ನಡ ಮತ್ತು ತೆಲುಗಿನಲ್ಲಿ ಎಥಿಕ್ಸ್ ಕಮಿಟಿಯಿಂದ ಪಾಸಾಗಿರಬೇಕು. ಜವಾಬ್ದಾರಿ: ಇಂಥವರು."

ಹೆಸರು ಒಂದು ಕಡೆ, ಉತ್ತರ ಇನ್ನೊಂದು ಕಡೆ

ಪ್ರತಿ ಮನೆಗೂ ಒಂದು ಐಡಿ ನಂಬರ್ ಕೊಡಿ. ಹೆಸರು, ಫೋನ್, ಮನೆಯ ಜಿಪಿಎಸ್ ಇವೆಲ್ಲ ಒಂದು ಫೈಲಿನಲ್ಲಿ, ಪಾಸ್‌ವರ್ಡ್ ಹಾಕಿ. ಉತ್ತರಗಳು ಮತ್ತು ಲ್ಯಾಬ್ ಫಲಿತಾಂಶ ಇನ್ನೊಂದು ಫೈಲಿನಲ್ಲಿ. ಎರಡನ್ನೂ ಸೇರಿಸುವುದು ಐಡಿ ಮಾತ್ರ. ನೀರಿನ ಬಾಟಲಿ ಮೇಲೂ ಅದೇ ಐಡಿ ಮತ್ತು ತಾರೀಕು, ಮನೆಯವರ ಹೆಸರು ಬೇಡ.

ಇಲ್ಲಿ ಒಂದು ಇಕ್ಕಟ್ಟಿದೆ, ಜನ ಇದನ್ನು ಮೊದಲೇ ಯೋಚಿಸುವುದಿಲ್ಲ. ಹೆಸರಿನ ಫೈಲನ್ನು ಬೇಗ ಅಳಿಸಿದಷ್ಟೂ ಗೌಪ್ಯತೆಗೆ ಒಳ್ಳೆಯದು. ಆದರೆ ಅಳಿಸಿಬಿಟ್ಟರೆ, ನಿಮ್ಮ ಮನೆಯ ನೀರಿನಲ್ಲಿ ಫ್ಲೋರೈಡ್ ಇಷ್ಟಿದೆ ಅಂತ ಆ ಮನೆಯವರಿಗೇ ಹೇಳುವುದು ಹೇಗೆ? ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಅಂತ ಭಾರತೀಯ ಮಾನಕ ಹೇಳುತ್ತದೆ. ಒಂದು ಮನೆಯಲ್ಲಿ ಅದು 4 ಬಂದಿದೆ, ಅಲ್ಲಿ ಚಿಕ್ಕ ಮಕ್ಕಳಿದ್ದಾರೆ ಅಂದುಕೊಳ್ಳಿ. ಆ ಫಲಿತಾಂಶ ಬರೀ ನಮ್ಮ ಪ್ರಬಂಧದ ಅನುಬಂಧದಲ್ಲಿ ಕೂತರೆ ಅದು ಅನ್ಯಾಯ, ಇದನ್ನು ನಾನು ಗಟ್ಟಿಯಾಗಿ ಹೇಳುತ್ತೇನೆ. ಹಾಗಾಗಿ ಎರಡು ತಾರೀಕು ಒಟ್ಟಿಗೆ ಬರೆಯಿರಿ: ಲ್ಯಾಬ್ ವರದಿ ಬಂದ 30 ದಿನದ ಒಳಗೆ ಪ್ರತಿ ಮನೆಗೂ ಅವರ ಫಲಿತಾಂಶದ ಚೀಟಿ ತಲುಪಬೇಕು. ಎರಡನೇ ಸುತ್ತಿನ ಚೀಟಿಗಳೂ ತಲುಪಿದ ಮೇಲೆ ಹೆಸರಿನ ಫೈಲ್ ಇಂಥ ದಿನ ಅಳಿಸಬೇಕು, ಇಲ್ಲವೇ ಮುಂದೆ ಮತ್ತೆ ಅದೇ ಮನೆಗೆ ಹೋಗುವ ಯೋಚನೆ ಇದ್ದರೆ ಅದು ಇಂಥವರ ಹತ್ತಿರ ಇಷ್ಟು ವರ್ಷ ಇರುತ್ತದೆ ಅಂತ ಒಪ್ಪಿಗೆ ಪತ್ರದಲ್ಲೇ ಹೇಳಿರಬೇಕು.

ಹೆಸರು ತೆಗೆದರೆ ಸಾಲದು ಅನ್ನುವುದೂ ನೆನಪಿರಲಿ. ಚಿಕ್ಕ ಹಳ್ಳಿಯಲ್ಲಿ "ಎಂಟು ಎಕರೆ ದಾಳಿಂಬೆ, 900 ಅಡಿ ಬೋರು" ಅಂದರೆ ಯಾರ ತೋಟ ಅಂತ ಊರಿನವರು ತಟ್ಟನೆ ಹೇಳುತ್ತಾರೆ. ಹಂಚುವ ಪ್ರತಿಯಲ್ಲಿ ಜಮೀನನ್ನು 0–2, 2–5, 5ಕ್ಕಿಂತ ಹೆಚ್ಚು ಅಂತ ಗುಂಪು ಮಾಡಿ, ಸರ್ವೆ ನಂಬರ್ ಮತ್ತು ಜಿಪಿಎಸ್ ತೆಗೆಯಿರಿ. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯಲ್ಲಿ ಸಂಶೋಧನೆಗೆ ವಿನಾಯಿತಿ ಇದೆ ನಿಜ, ಆದರೆ ಆ ಡೇಟಾ ಇಟ್ಟುಕೊಂಡು ನಿರ್ದಿಷ್ಟ ವ್ಯಕ್ತಿಯ ಬಗ್ಗೆ ತೀರ್ಮಾನ ತೆಗೆದುಕೊಳ್ಳಬಾರದು, ನಿಗದಿ ಮಾಡಿದ ಮಾನದಂಡಗಳನ್ನು ಪಾಲಿಸಬೇಕು ಅನ್ನುವ ಷರತ್ತುಗಳ ಮೇಲೆ. ಆರೋಗ್ಯದ ಪ್ರಶ್ನೆ ಕೇಳುತ್ತಿದ್ದರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ 2017ರ ನೈತಿಕ ಮಾರ್ಗಸೂಚಿಯನ್ನೂ ಓದಿಕೊಳ್ಳಿ.

ಇನ್ನೊಂದು, ವಾಟ್ಸಾಪ್. ಫೀಲ್ಡ್‌ನಲ್ಲಿ ತುಂಬಿದ ಫಾರ್ಮಿನ ಫೋಟೋ ತೆಗೆದು ಗ್ರೂಪಿಗೆ ಹಾಕುವುದು ಎಲ್ಲ ಕಡೆ ನಡೆಯುತ್ತದೆ. ಜನರ ಸಹಿ, ಫೋನ್ ನಂಬರ್ ಎಲ್ಲ ಎಲ್ಲರ ಮೊಬೈಲಿನ ಗ್ಯಾಲರಿಯಲ್ಲಿ ಉಳಿದುಬಿಡುತ್ತದೆ, ಫೋಟೋದ ಗುಣಮಟ್ಟವೂ ಇಳಿಯುತ್ತದೆ, ಎಲ್ಲಿ ತೆಗೆದದ್ದು ಅನ್ನುವ ಮಾಹಿತಿಯೂ ಅದರ ಜೊತೆ ಬರುವುದಿಲ್ಲ. "ಯಾವ ಫಾರ್ಮೂ ವಾಟ್ಸಾಪ್‌ನಲ್ಲಿ ಹೋಗಬಾರದು" ಅಂತ ಒಂದು ಸಾಲು ಗುರಿಗಳ ಹಾಳೆಯಲ್ಲಿ ಇರಲಿ. ಅದರ ಬದಲಿಗೆ ಮೊಬೈಲಿನಲ್ಲೇ ಸರ್ವೆ ಫಾರ್ಮ್ ತುಂಬುವ ಕೋಬೋ ಟೂಲ್‌ಬಾಕ್ಸ್ ಅಥವಾ ಓಡಿಕೆ ಬಳಸಿ. ನೆಟ್‌ವರ್ಕ್ ಇಲ್ಲದ ಕಡೆಯೂ ಫಾರ್ಮ್ ತುಂಬಬಹುದು, ಸಿಗ್ನಲ್ ಬಂದಾಗ ಸರ್ವರಿಗೆ ಹೋಗುತ್ತದೆ.

ಎಕ್ಸೆಲ್ ಮಾಡುವ ಅವಾಂತರಕ್ಕೆ ಮೊದಲೇ ಬೇಲಿ ಹಾಕಿ

ಪಹಣಿ ನೋಡಿ ಸರ್ವೆ ನಂಬರ್ 12/3 ಅಂತ ಎಕ್ಸೆಲ್‌ನಲ್ಲಿ ಟೈಪ್ ಮಾಡಿ ನೋಡಿ. ಅದು ಮಾರ್ಚ್ 12 ಆಗುತ್ತದೆ. ಕಂಪ್ಯೂಟರ್‌ನ ಸೆಟ್ಟಿಂಗ್ ಅಮೆರಿಕದ್ದಾಗಿದ್ದರೆ ಡಿಸೆಂಬರ್ 3 ಆಗುತ್ತದೆ. ತಿದ್ದೋಣ ಅಂತ ಕಾಲಂ ಅನ್ನು ಟೆಕ್ಸ್ಟ್ ಮಾಡಿದರೆ 12/3 ವಾಪಸ್ ಬರುವುದಿಲ್ಲ, 45728 ಥರದ ಒಂದು ಸಂಖ್ಯೆ ಬರುತ್ತದೆ. ಇದರ ದೊಡ್ಡ ಅಪಾಯ ಏನೆಂದರೆ 112/3 ಅಂಥದ್ದು ತಾರೀಕು ಆಗದೆ ಹಾಗೇ ಉಳಿಯುತ್ತದೆ, ಹಾಗಾಗಿ 300 ಸಾಲಿನಲ್ಲಿ ಕೆಲವು ಮಾತ್ರ ಕೆಟ್ಟಿರುತ್ತವೆ, ಮೇಲ್ನೋಟಕ್ಕೆ ಕಣ್ಣಿಗೆ ಬೀಳುವುದಿಲ್ಲ.

ಇದು ನಮ್ಮ ಊರಿನ ಸಮಸ್ಯೆ ಮಾತ್ರ ಅಂದುಕೊಳ್ಳಬೇಡಿ. ಜೀನುಗಳ ಹೆಸರಿನಲ್ಲಿ ಮಾರ್ಚ್1, ಸೆಪ್ಟ್2 ಅಂತ ಇದ್ದವನ್ನೂ ಎಕ್ಸೆಲ್ ತಾರೀಕು ಮಾಡುತ್ತಿತ್ತು. ಎಕ್ಸೆಲ್ ಫೈಲಿನಲ್ಲಿ ಜೀನ್ ಪಟ್ಟಿ ಕೊಟ್ಟಿದ್ದ ಲೇಖನಗಳಲ್ಲಿ ಸುಮಾರು ಐದರಲ್ಲಿ ಒಂದರಲ್ಲಿ ಈ ತಪ್ಪು ಇದೆ ಅಂತ 2016ರಲ್ಲಿ ಒಂದು ಅಧ್ಯಯನ ತೋರಿಸಿತು. ಕೊನೆಗೆ 2020ರಲ್ಲಿ ಜೀನ್ ಹೆಸರಿನ ಸಮಿತಿಯೇ ಆ ಹೆಸರುಗಳನ್ನು ಬದಲಾಯಿಸಿತು. ಅದೇ 2020ರಲ್ಲಿ ಇಂಗ್ಲೆಂಡಿನಲ್ಲಿ ಹಳೆಯ ಎಕ್ಸೆಲ್ ಫಾರ್ಮ್ಯಾಟಿಗೆ 65,536 ಸಾಲಿನ ಮಿತಿ ಇದ್ದದ್ದರಿಂದ ಸುಮಾರು 16,000 ಕೋವಿಡ್ ಪ್ರಕರಣಗಳು ಸಮಯಕ್ಕೆ ಸರಿಯಾಗಿ ವರದಿ ಆಗಲೇ ಇಲ್ಲ. ಹೊಸ ಎಕ್ಸೆಲ್‌ನಲ್ಲಿ ಈ ತಾರೀಕು ಬದಲಾವಣೆಯನ್ನು ಆಫ್ ಮಾಡುವ ಆಯ್ಕೆ ಇದೆ, ಆದರೆ ತಂಡದ ಎಲ್ಲರ ಕಂಪ್ಯೂಟರ್‌ನಲ್ಲೂ ಅದು ಆಫ್ ಆಗಿದೆ ಅಂತ ನಂಬಿ ಕೂರಬೇಡಿ. ಟೈಪ್ ಮಾಡುವ ಮೊದಲೇ ಕಾಲಂ ಅನ್ನು ಟೆಕ್ಸ್ಟ್ ಮಾಡಿ. ಫೋನ್ ನಂಬರ್, ಖಾತೆ ನಂಬರ್, ಐಡಿ ಎಲ್ಲವೂ ಟೆಕ್ಸ್ಟ್. ಮುಂದಿನ ಸೊನ್ನೆ ಹಾರಿಹೋಗುವುದು, 15 ಅಂಕೆ ದಾಟಿದ ನಂಬರಿನ ಕೊನೆ ಅಂಕೆಗಳು ಸೊನ್ನೆ ಆಗುವುದು ಇದರಿಂದ ತಪ್ಪುತ್ತದೆ.

ತಾರೀಕನ್ನು ವರ್ಷ, ತಿಂಗಳು, ದಿನ ಈ ಕ್ರಮದಲ್ಲಿ ಬರೆಯಿರಿ: 2025-03-12. ಫೈಲ್ ಹೆಸರಿನಲ್ಲೂ ಹೀಗೇ. ಆಗ ಫೈಲುಗಳು ತಾವಾಗಿ ಕ್ರಮವಾಗಿ ನಿಲ್ಲುತ್ತವೆ, "ಫೈನಲ್", "ಫೈನಲ್ ಹೊಸದು", "ಗೈಡ್ ನೋಡಿದ ಫೈನಲ್" ಇವುಗಳಲ್ಲಿ ಯಾವುದು ನಿಜವಾದದ್ದು ಅಂತ ಹುಡುಕುವುದು ತಪ್ಪುತ್ತದೆ.

ಅಳತೆಗೂ ಇದೇ ಕಾಳಜಿ ಬೇಕು. ರೈತರು ಆಳವನ್ನು ಅಡಿಯಲ್ಲಿ ಹೇಳುತ್ತಾರೆ, ಜಮೀನನ್ನು ಎಕರೆ-ಗುಂಟೆಯಲ್ಲಿ, ನೀರನ್ನು "ಎರಡಿಂಚು ಬಿತ್ತು" ಅಂತ. ಇನ್ವೆಸ್ಟಿಗೇಟರ್ ಅಲ್ಲೇ ನಿಂತು ಮನಸ್ಸಿನಲ್ಲಿ ಮೀಟರಿಗೋ ಹೆಕ್ಟೇರಿಗೋ ಬದಲಾಯಿಸಬಾರದು. ಅವರು ಹೇಳಿದ್ದು ಒಂದು ಕಾಲಂ, ನೀವು ಬದಲಾಯಿಸಿದ್ದು ಇನ್ನೊಂದು ಕಾಲಂ. "2.20 ಎಕರೆ" ಅನ್ನುವುದನ್ನು ನೋಡಿ. ಎರಡು ಎಕರೆ ಇಪ್ಪತ್ತು ಗುಂಟೆ ಅಂತ ನಮಗೆ ಗೊತ್ತು, ಅಂದರೆ ಎರಡೂವರೆ ಎಕರೆ, ಯಾಕೆಂದರೆ ಎಕರೆಗೆ 40 ಗುಂಟೆ. ಕಂಪ್ಯೂಟರ್ ಅದನ್ನು 2.2 ಅಂತಲೇ ಲೆಕ್ಕ ಹಾಕುತ್ತದೆ. ಎಕರೆಗೆ ಒಂದು ಕಾಲಂ, ಗುಂಟೆಗೆ ಒಂದು ಕಾಲಂ ಮಾಡಿಬಿಡಿ.

ಖಾಲಿ ಜಾಗಕ್ಕೂ ಅರ್ಥ ಕೊಡಿ. ಕೇಳಿದೆವು ಉತ್ತರ ಕೊಡಲಿಲ್ಲ, ಕೇಳಲೇ ಇಲ್ಲ, ಈ ಮನೆಗೆ ಪ್ರಶ್ನೆ ಅನ್ವಯಿಸುವುದಿಲ್ಲ, ಲ್ಯಾಬಿನ ಯಂತ್ರ ಹಿಡಿಯಲಾರದಷ್ಟು ಕಡಿಮೆ ಇತ್ತು, ಈ ನಾಲ್ಕೂ ಬೇರೆ ಬೇರೆ ಸಂಗತಿ. ಎಲ್ಲದಕ್ಕೂ 0 ಹಾಕಿದರೆ ನಿಮ್ಮ ಸರಾಸರಿ ಫ್ಲೋರೈಡ್ ಸುಳ್ಳಾಗಿ ಇಳಿಯುತ್ತದೆ, ಅದನ್ನು ಆಮೇಲೆ ಬೇರ್ಪಡಿಸಲು ಯಾರಿಂದಲೂ ಆಗುವುದಿಲ್ಲ.

ಊರಿನ ಹೆಸರಿಗೆ ಸರ್ಕಾರಿ ಕೋಡ್ ಬಳಸಿ, ಜನಗಣತಿಯ ಗ್ರಾಮ ಕೋಡ್ ಅಥವಾ ಲೋಕಲ್ ಗವರ್ನಮೆಂಟ್ ಡೈರೆಕ್ಟರಿಯ ಕೋಡ್. ಹೊಸಹಳ್ಳಿ ಅನ್ನುವ ಹೆಸರಿನ ಊರುಗಳು ಎಷ್ಟಿವೆ ಅಂತ ನಿಮಗೇ ಗೊತ್ತು. ಇಂಗ್ಲಿಷಿನಲ್ಲಿ ಬರೆಯುವ ತುಮ್ಕೂರ್ 2014ರ ನವೆಂಬರ್‌ನಲ್ಲಿ ತುಮಕೂರು ಆಯಿತು, 2011ರ ಜನಗಣತಿಯಲ್ಲಿ ಬಳ್ಳಾರಿ ಜಿಲ್ಲೆಯಲ್ಲಿದ್ದ ಹೊಸಪೇಟೆ 2021ರಿಂದ ವಿಜಯನಗರ ಜಿಲ್ಲೆಯಲ್ಲಿದೆ. ಬರೀ ಹೆಸರು ನಂಬಿ ಎರಡು ಕಾಲದ ಡೇಟಾ ಸೇರಿಸಲು ಹೋದರೆ ಸಾಲುಗಳು ತಪ್ಪುತ್ತವೆ. ಕನ್ನಡದಲ್ಲಿ ಉತ್ತರ ಟೈಪ್ ಮಾಡುವವರು ಯೂನಿಕೋಡ್‌ನಲ್ಲೇ ಮಾಡಬೇಕು. ಹಳೆಯ ನುಡಿ, ಬರಹ ಫಾಂಟಿನಲ್ಲಿ ಟೈಪ್ ಮಾಡಿದ್ದು ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ಅರ್ಥವಿಲ್ಲದ ಅಕ್ಷರಗಳಾಗಿ ಕಾಣುತ್ತದೆ, ಹುಡುಕಲೂ ಬರುವುದಿಲ್ಲ. ಫೈಲನ್ನು ಸಿಎಸ್‌ವಿ (ಸರಳ ಪಠ್ಯದ ಟೇಬಲ್) ಮಾಡುವಾಗ, ಕನ್ನಡ ಅಕ್ಷರ ಕೆಡದಿರಲು ಯುಟಿಎಫ್-8 ಆರಿಸಿ.

ಇದೆಲ್ಲ ಒಂದು ಹಾಳೆಯಲ್ಲಿ ಬರಬೇಕು. ಪ್ರತಿ ಕಾಲಂಗೂ ಹೆಸರು, ಕೇಳಿದ ಪ್ರಶ್ನೆ, ಅಳತೆಯ ಮಾನ, ಬರಬಹುದಾದ ಉತ್ತರಗಳು, ಖಾಲಿ ಇದ್ದರೆ ಯಾವ ಕೋಡ್. ಇದಕ್ಕೆ ಕೋಡ್‌ಬುಕ್ ಅನ್ನುತ್ತಾರೆ. ಗುರಿ ಹೀಗಿರಲಿ: "ಪೈಲಟ್ (ಪ್ರಾಯೋಗಿಕ) ಸರ್ವೆಯ 10 ಮನೆ ಮುಗಿಯುವ ಹೊತ್ತಿಗೆ ಕೋಡ್‌ಬುಕ್ ಪೂರ್ತಿ ಇರಬೇಕು, ಅದರಲ್ಲಿ ಇಲ್ಲದ ಒಂದು ಕಾಲಮ್ಮೂ ಫೈಲಿನಲ್ಲಿ ಇರಬಾರದು."

ಮೂಲ ಪ್ರತಿಯನ್ನು ಮುಟ್ಟಬೇಡಿ, ನಕಲು ತೆರೆದು ನೋಡಿ

ಸರ್ವರಿನಿಂದ ಇಳಿಸಿದ ಫೈಲ್, ಲ್ಯಾಬ್ ಕೊಟ್ಟ ವರದಿ, ಧ್ವನಿಮುದ್ರಣ ಇವು ಮೂಲ. ಅವನ್ನು ಒಂದು ಫೋಲ್ಡರಿನಲ್ಲಿ ಹಾಕಿ ತಿದ್ದಲು ಬಾರದ ಹಾಗೆ ಮಾಡಿ. ತಪ್ಪು ಕಂಡರೆ ತಿದ್ದುವುದು ನಕಲಿನಲ್ಲಿ, ಏನು ತಿದ್ದಿದಿರಿ, ಯಾಕೆ, ಯಾವತ್ತು ಅಂತ ಪಕ್ಕದಲ್ಲಿ ಬರೆದಿಟ್ಟು.

ಬ್ಯಾಕಪ್‌ಗೆ ಹಳೆಯ 3-2-1 ನಿಯಮ ಸಾಕು: ಮೂರು ಪ್ರತಿ, ಎರಡು ಥರದ ಸಾಧನ, ಒಂದು ಪ್ರತಿ ಬೇರೆ ಕಟ್ಟಡದಲ್ಲಿ. ಗೂಗಲ್ ಡ್ರೈವ್‌ಗೆ ಸಿಂಕ್ ಆಗುತ್ತಿದೆ ಅಂದರೆ ಬ್ಯಾಕಪ್ ಆಯಿತು ಅಂತಲ್ಲ, ಲ್ಯಾಪ್‌ಟಾಪಿನಲ್ಲಿ ಅಳಿಸಿದ್ದು ಅಲ್ಲೂ ಅಳಿಸಿಹೋಗುತ್ತದೆ. ಯೂನಿವರ್ಸಿಟಿ ಕೊಟ್ಟ ಇಮೇಲ್ ಖಾತೆಯಲ್ಲಿ ಎಲ್ಲ ಇಟ್ಟಿದ್ದರೆ, ಕೋರ್ಸ್ ಮುಗಿದ ಮೇಲೆ ಆ ಖಾತೆ ಎಷ್ಟು ದಿನ ಇರುತ್ತದೆ ಅಂತ ಇವತ್ತೇ ಕೇಳಿ. ದೊಡ್ಡ ಸಂಸ್ಥೆಗಳ ಬ್ಯಾಕಪ್ ಕೂಡ ಕೈಕೊಡುತ್ತದೆ. 2021ರ ಡಿಸೆಂಬರ್‌ನಲ್ಲಿ ಜಪಾನಿನ ಕ್ಯೋಟೋ ವಿಶ್ವವಿದ್ಯಾಲಯದ ಸೂಪರ್‌ಕಂಪ್ಯೂಟರಿನಲ್ಲಿ ಬ್ಯಾಕಪ್ ಮಾಡುವ ಪ್ರೋಗ್ರಾಮಿನ ದೋಷದಿಂದಲೇ ಸುಮಾರು 77 ಟೆರಾಬೈಟ್ ಸಂಶೋಧನಾ ಡೇಟಾ ಅಳಿಸಿಹೋಯಿತು. ಆದ್ದರಿಂದ ಗುರಿಯನ್ನು "ಬ್ಯಾಕಪ್ ಇಡುವುದು" ಅಂತ ಬರೆಯಬೇಡಿ. "ಪ್ರತಿ ತಿಂಗಳ ಮೊದಲ ಸೋಮವಾರ ಇಂಥವರು ಬ್ಯಾಕಪ್‌ನಿಂದ ಒಂದು ಫೈಲ್ ವಾಪಸ್ ತಂದು ತೆರೆದು, ಸಾಲುಗಳ ಲೆಕ್ಕ ಮೂಲದ ಜೊತೆ ಸರಿಹೋಗುತ್ತದಾ ನೋಡಬೇಕು" ಅಂತ ಬರೆಯಿರಿ.

ಹೊರಗಿನವರ ಕೈಗೆ ಕೊಟ್ಟು ನೋಡಿ

ನನ್ನ ಪ್ರಕಾರ ಎಲ್ಲಕ್ಕಿಂತ ಒಳ್ಳೆಯ ಪರೀಕ್ಷೆ ಇದು. ಮೊದಲ ಸುತ್ತು ಮುಗಿದ ಮೇಲೆ, ನಿಮ್ಮ ಪ್ರಾಜೆಕ್ಟ್ ಗೊತ್ತಿಲ್ಲದ ಒಬ್ಬ ಗೆಳತಿಗೋ ಜೂನಿಯರ್‌ಗೋ ಹೆಸರು ತೆಗೆದ ಫೋಲ್ಡರ್ ಕೊಡಿ. "ಯಾವ ಹಳ್ಳಿಯಲ್ಲಿ ಎಷ್ಟು ಬೋರ್‌ವೆಲ್ 1.5 ದಾಟಿವೆ, ಒಂದು ಟೇಬಲ್ ಮಾಡು" ಅನ್ನಿ. ನೀವು ಪಕ್ಕದಲ್ಲಿ ಕೂತು ಬಾಯಿ ಬಿಡಬೇಡಿ. ಎಲ್ಲಿ ನಿಲ್ಲುತ್ತಾರೆ, ಏನು ಕೇಳುತ್ತಾರೆ ಅಂತ ಬರೆದುಕೊಳ್ಳಿ. ಅವರ ಪ್ರತಿ ಪ್ರಶ್ನೆಯೂ ನಿಮ್ಮ ರೀಡ್‌ಮಿ (ಫೋಲ್ಡರಿನಲ್ಲಿ ಏನೇನಿದೆ ಅಂತ ವಿವರಿಸುವ) ಫೈಲಿನಲ್ಲಿ ಬರೆಯದೆ ಬಿಟ್ಟ ಒಂದು ಸಾಲು. ಎರಡನೇ ಸುತ್ತಿಗೆ ಹೊರಡುವ ಮೊದಲು ಇದು ಆಗಬೇಕು, ಆಗ ಮಾತ್ರ ತಿದ್ದಿಕೊಳ್ಳಲು ಸಮಯ ಇರುತ್ತದೆ.

ಎಲ್ಲಿ ಇಟ್ಟು ಹೊರಡುತ್ತೀರಿ

2016ರಲ್ಲಿ ಪ್ರಕಟವಾದ ಫೇರ್ ತತ್ವಗಳ ಬಗ್ಗೆ ಕೇಳಿರಬಹುದು. ಹುಡುಕಿದರೆ ಡೇಟಾ ಸಿಗಬೇಕು, ತೆರೆಯುವ ದಾರಿ ಗೊತ್ತಿರಬೇಕು, ಬೇರೆ ಡೇಟಾ ಜೊತೆ ಸೇರಿಸಲು ಬರಬೇಕು, ಮತ್ತೆ ಬಳಸಲು ಆಗಬೇಕು, ಇಷ್ಟೇ ಅದರ ಸಾರ. ಎಲ್ಲವನ್ನೂ ಎಲ್ಲರಿಗೂ ತೆರೆದಿಡಿ ಅಂತ ಅದು ಹೇಳುವುದಿಲ್ಲ, ಗುಟ್ಟಾಗಿ ಇರಬೇಕಾದದ್ದು ಗುಟ್ಟಾಗಿಯೇ ಇರಬಹುದು. ಮೇಲೆ ಹೇಳಿದ ಕೆಲಸ ಮಾಡಿದ್ದರೆ ನೀವು ಆಗಲೇ ಮುಕ್ಕಾಲು ದಾರಿ ಬಂದಿದ್ದೀರಿ.

ಉಳಿದದ್ದು ಜಾಗ. ದೇಶದ ಪಿಎಚ್‌ಡಿ ಪ್ರಬಂಧಗಳನ್ನು ಆನ್‌ಲೈನಿನಲ್ಲಿ ಇಡುವ ಶೋಧಗಂಗಾಕ್ಕೆ ನಿಮ್ಮ ಪ್ರಬಂಧದ ಪಿಡಿಎಫ್ ಹೋಗುತ್ತದೆ, ಡೇಟಾ ಫೈಲಿಗೆ ಬೇರೆ ಮನೆ ಹುಡುಕಬೇಕು. ಯುರೋಪಿನ ಸರ್ನ್ ಸಂಸ್ಥೆ 2013ರಿಂದ ನಡೆಸುತ್ತಿರುವ ಜೆನೋಡೋ ಅನ್ನುವ ಡೇಟಾ ಸಂಗ್ರಹ ತಾಣದಲ್ಲಿ ದುಡ್ಡು ಕೊಡದೆ ಒಂದು ಸಲಕ್ಕೆ 50 ಜಿಬಿವರೆಗೆ ಹಾಕಬಹುದು, ಡಿಒಐ (ಅದನ್ನು ಶಾಶ್ವತವಾಗಿ ಗುರುತಿಸುವ ನಂಬರ್) ಸಿಗುತ್ತದೆ, ಲೇಖನ ಬರುವವರೆಗೆ ಫೈಲನ್ನು ಮುಚ್ಚಿಡಲೂ ಬರುತ್ತದೆ. ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ (ಡಿಬಿಟಿ) ಅಥವಾ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ (ಡಿಎಸ್‌ಟಿ) ದುಡ್ಡಿನಲ್ಲಿ ನಡೆಯುವ ಪ್ರಾಜೆಕ್ಟ್ ಆದರೆ ಅವರ ಷರತ್ತುಗಳನ್ನು ಮೊದಲು ಓದಿ.

ಈ ಗುರಿಗೆ ತಾರೀಕು ಹಾಕುವಾಗ "ಪಿಎಚ್‌ಡಿ ಮುಗಿದ ಮೇಲೆ" ಅಂತ ಹಾಕಬೇಡಿ. ವೈವಾ (ಮೌಖಿಕ ಪರೀಕ್ಷೆ) ಆದ ಮೇಲೆ ಕೆಲಸ ಹುಡುಕುವುದು, ಊರು ಬದಲಾಯಿಸುವುದು ಇದರಲ್ಲೇ ದಿನ ಹೋಗುತ್ತದೆ, ಇನ್ವೆಸ್ಟಿಗೇಟರ್‌ಗಳು ಬೇರೆ ಪ್ರಾಜೆಕ್ಟಿಗೆ ಹೋಗಿರುತ್ತಾರೆ. ಪ್ರಬಂಧ ಸಲ್ಲಿಸುವ ಒಂದು ತಿಂಗಳ ಮೊದಲು ಡೇಟಾ, ಕೋಡ್‌ಬುಕ್, ರೀಡ್‌ಮಿ ಮೂರೂ ಅಪ್‌ಲೋಡ್ ಆಗಿ ಡಿಒಐ ಕೈಯಲ್ಲಿರಬೇಕು, ಆ ನಂಬರ್ ಪ್ರಬಂಧದ ಒಳಗೇ ಅಚ್ಚಾಗಬೇಕು. ಪಂಚಾಯಿತಿಗೆ ಕೊಡುವ ಹಳ್ಳಿವಾರು ಕನ್ನಡ ಪಟ್ಟಿಯೂ ಅದೇ ವಾರ ತಲುಪಲಿ. ಈ ಎರಡಕ್ಕೆ ಬೇಕಾದ ಸಮಯ, ಹಾರ್ಡ್ ಡಿಸ್ಕ್, ಓಡಾಟದ ಖರ್ಚು ಇವನ್ನು ಬಜೆಟ್ಟಿನಲ್ಲಿ ಬೇರೆ ಸಾಲಾಗಿಯೇ ಕೇಳಿ, ಮೊದಲ ದಿನವೇ.